ಬೊಬ್ಬೆ ಹೊಡೆದ ಹೆಬ್ಬೆರಳು

ಅಂಗಾಂಗಗಳಿಗೆ ಮಾತು ಬಂದಮೇಲೆ, ಯಾವ ನೋವಿಗೆ ಎಲ್ಲಿಗೆ ಹೋಗಬೇಕೆಂದು ಊರಲ್ಲಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಕೂತ ಸಿಸ್ಟರ್ ಫಿಲೋಮಿನಾ ನೋಯುವ ಅಂಗವನ್ನೇ ವಿಚಾರಿಸಿ, ಮೆಡಿಕಲ್ ಸ್ಟೋರಿಗೋ ಡಾಕ್ಟರ ಹತ್ತಿರವೋ ಎಮರ್ಜೆನ್ಸಿಗೋ ಕಳಿಸುತ್ತಿದ್ದರು.

ಶಿವಲಿಂಗಯ್ಯನವರ ಕಾಲಿನ ಹೆಬ್ಬೆರಳು ಆಸ್ಪತ್ರೆಗೆ ಬರುವಾಗ ಆಟೋದಲ್ಲೇ ಗೋಳು ಶುರು ಮಾಡಿತ್ತು. ಆಗಿದ್ದು ಇಷ್ಟೇ, ಮಂಚದ ಕಾಲಿಗೆ ಎಡವಿದ್ದರು.

“ನಾನು ಉಳಿಯಲ್ಲ, ಐಸಿಯುಗೆ ಹಾಕಿ,” ಎಂದು ಅದು ಸರದಿಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಬೊಬ್ಬೆ ಹೊಡೆಯಿತು. ಶಿವಲಿಂಗಯ್ಯನವರಿಗೆ ಒಳಗೊಳಗೇ ಹೆಮ್ಮೆ. ಬೇಕಾದ್ದನ್ನು ಬಾಯಿಬಿಟ್ಟು ಕೇಳುವ ಬೆರಳು.

“ಐಸ್ ಇಟ್ಕೊಂಡು ಮನೇಲಿರಿ ಯಜಮಾನ್ರೆ,” ಎಂದ ಸಿಸ್ಟರ್, ಪಕ್ಕದಲ್ಲಿ ಗಂಡನ ಚಪ್ಪಲಿ ಹಿಡಿದು ಬೆವರೊರೆಸಿಕೊಳ್ಳುತ್ತಿದ್ದ ಪಂಕಜಮ್ಮನನ್ನು ನೋಡಿದರು. “ನಿಮಗೇನಮ್ಮಾ?”

“ನಂಗೇನಿಲ್ಲ, ಇವರ ಜೊತೆ ಬಂದೆ. ಬೆಳಿಗ್ಗೆಯಿಂದ ಎದೆ ಸ್ವಲ್ಪ ಹಿಡ್ಕೊಂಡಂಗಿದೆ. ಗ್ಯಾಸ್ಟ್ರಿಕ್ ಇರಬೇಕು.”

ಸಿಸ್ಟರ್ ಬಗ್ಗಿ ಆಕೆಯ ಎದೆಯನ್ನೇ ಕೇಳಿದರು. ಪಂಕಜಮ್ಮನ ಹೃದಯ ಸಂಕೋಚದಿಂದ ಪಿಸುಗುಟ್ಟಿತು. “ನಂದಿರಲಿ ಸಿಸ್ಟರ್, ಮೊದಲು ಅವರ ಬೆರಳು ನೋಡಿ. ಸಾರಿಗೆ ಒಗ್ಗರಣೆ ಹಾಕದೆ ಬಂದಿದೀವಿ, ಬೇಗ ಹೋಗಬೇಕು.”

ಸಿಸ್ಟರ್ ತಟ್ಟನೆ ಕೆಂಪು ಗುಂಡಿ ಒತ್ತಿದರು. ಸ್ಟ್ರೆಚರ್ ಓಡಿ ಬಂತು.

“ಹೃದಯವೇ ನಂದಿರಲಿ ಅಂತಿದೆಯಲ್ಲ ಸಿಸ್ಟರ್,” ಎಂದರು ಶಿವಲಿಂಗಯ್ಯ, ಗಾಬರಿಯಿಂದ.

“ಮನೆ ಹೆಂಗಸರ ಹೃದಯ ಹಂಗಂದ್ರೇನೇ ನಾವು ಓಡೋದು. ನಡೀರಿ.”

ಶಿವಲಿಂಗಯ್ಯ ಬರಿಗಾಲಲ್ಲಿ ಸ್ಟ್ರೆಚರಿನ ಹಿಂದೆ ಓಡಿದರು. ತಿರುವಿನಲ್ಲಿ ಅದೇ ಕಾಲು ಬಾಗಿಲಿಗೆ ಜೋರಾಗಿ ಬಡಿಯಿತು. ಹೆಬ್ಬೆರಳು ತುಟಿಪಿಟಕ್ಕೆನ್ನಲಿಲ್ಲ.