ಜಾಗಟೆ ಬಡಿದವನು

"ಈ ಜಾಗಟೇನ ದಿನಾ ಬೆಳಗಿನ ಜಾವ ನಾಲ್ಕಕ್ಕೆ ಬಡೀತಿದ್ದೋನು ಯಾರು, ನೆನಪಿದ್ಯೇನ್ರಯ್ಯಾ?"

ಮೈಕಿನ ಮುಂದೆ ನಿಂತ ಮಲ್ಲಿಕಾರ್ಜುನಯ್ಯ ಮೇಷ್ಟ್ರು ಎರಡೂ ಕೈಯಲ್ಲಿ ಹಳೇ ಕಂಚಿನ ಜಾಗಟೆ ಎತ್ತಿ ಹಿಡಿದು ಕೇಳಿದರು. ತರೀಕೆರೆಯ ಆ ಹಾಸ್ಟೆಲಿನಲ್ಲಿ ಓದಿದ ಹಳೇ ಹುಡುಗರೆಲ್ಲ ಒಟ್ಟಾಗಿ ತಮ್ಮ ವಾರ್ಡನ್ ಮೇಷ್ಟ್ರಿಗೆ ಗುರುವಂದನೆ ಇಟ್ಟುಕೊಂಡಿದ್ದರು. ಹುಡುಗರು ಅನ್ನೋದು ಮಾತಿಗೆ. ಅರ್ಧ ಜನಕ್ಕೆ ತಲೆಯಲ್ಲಿ ಕೂದಲಿಲ್ಲ, ಉಳಿದರ್ಧಕ್ಕೆ ಶುಗರ್ರು. ಹಿಂದಿನ ಸಾಲಿನಲ್ಲಿ ಕೂತಿದ್ದ ಹಾಲೇಶ ನೆಟ್ಟಗಾದ. ಪಕ್ಕದಲ್ಲಿದ್ದ ಮಗಳು ಅಮೂಲ್ಯಾಳನ್ನು ಮೊಣಕೈಯಲ್ಲಿ ತಿವಿದ. "ಈಗ ಕೇಳಿಸ್ಕೋ."

ಅವಳನ್ನು ಅಜ್ಜಂಪುರದಿಂದ ಕರಕೊಂಡು ಬಂದಿದ್ದೇ ಇದಕ್ಕೆ. ಸರ್ಕಾರಿ ಕೆಲಸದ ಪರೀಕ್ಷೆ ಎರಡು ಸಲ ಬರೆದು ಎರಡು ಸಲವೂ ಕೂದಲೆಳೆಯಲ್ಲಿ ಕೆಲಸ ತಪ್ಪಿಸಿಕೊಂಡ ಹುಡುಗಿ ಪುಸ್ತಕವನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದಳು. ಈಗ ಮತ್ತೆ ಪರೀಕ್ಷೆ ಕರೆದಿದ್ದರೆ, ಇನ್ನು ಬರೆಯೋದೇ ಇಲ್ಲ ಅಂತ ಹಟ. "ನೀನೂ ನಾಲ್ಕಕ್ಕೆ ಎದ್ದು ಓದ್ದೋನೇ ಅಲ್ವೇನಪ್ಪಾ? ಏನಾದೆ?" ಅಂದುಬಿಟ್ಟಿದ್ದಳು. ಡಿಗ್ರಿ ಮುಗಿಸಿಯೂ ತಲೆ ನರೆಯುವ ತನಕ ಟೆಂಪರರಿ ಅಟೆಂಡರ್ ಆಗಿಯೇ ಉಳಿದವನು ಏನು ಹೇಳಿಯಾನು? ತನಗೆ ತೋಚದ ಉತ್ತರ ಮೇಷ್ಟ್ರಿಗೆ ತೋಚೀತು ಅಂತ ಬಸ್ಸು ಹತ್ತಿಸಿದ್ದ.

ಆಹಾ, ಎಂಥಾ ದಿನಗಳು ಅವು! ಯಾರು ಮೊದಲು ಏಳುತ್ತಾರೋ ಜಾಗಟೆ ಅವರದು. ಅದನ್ನು ಹಾಲೇಶ ಇನ್ನೊಬ್ಬರ ಕೈಗೆ ಬಿಟ್ಟುಕೊಟ್ಟವನೇ ಅಲ್ಲ. ಚಳಿಗೆ ನೆಲ ಕೊರೆಯುತ್ತಿತ್ತು. ಕಂಬಳಿಗಳೊಳಗಿಂದ ಬೈಗುಳ ಬರುತ್ತಿದ್ದವು, ಒಮ್ಮೊಮ್ಮೆ ಚಪ್ಪಲಿಯೂ. ಬಡಿದು ಮುಗಿಸುವ ಹೊತ್ತಿಗೆ ಮೇಷ್ಟ್ರು ತಲೆಗೆ ಮಫ್ಲರ್ ಸುತ್ತಿಕೊಂಡು ಅಡುಗೆಮನೆಯಿಂದ ಬರುವರು. ಬೆಲ್ಲದ ಕಾಫಿ, ಅವನೊಬ್ಬನಿಗೇ. "ಹಿಂಗೇ ಏಳ್ತಿರು ಕಣೋ, ನಿನ್ನ ಯಾರೂ ತಡಿಯೋಕಾಗಲ್ಲ" ಅನ್ನುವರು. ಆಮೇಲೆ ಎಲ್ಲೆಲ್ಲೋ ಎಂಥೆಂಥದೋ ಕಾಫಿ ಕುಡಿದ ಹಾಲೇಶನಿಗೆ ಆ ರುಚಿ ಮತ್ತೆ ಸಿಕ್ಕಿಲ್ಲ.

"ಇನ್ಯಾರು, ನಮ್ಮ ಷಡಕ್ಷರಿ!" ಅಂದರು ಮೇಷ್ಟ್ರು. "ಅದಕ್ಕೇ ನೋಡಿ ಇವತ್ತು ಎಲ್ಲಿದ್ದಾನೆ!"

ಚಪ್ಪಾಳೆಯೋ ಚಪ್ಪಾಳೆ. ಅಪ್ಪನ ಮಂಡಿ ವ್ಯಾಪಾರ ಕೈಗೆ ಬಂದು, ಕಡೂರಿನಲ್ಲಿ ಮಿಲ್ಲು ಕಟ್ಟಿ, ಅವತ್ತಿನ ಊಟದ ಖರ್ಚೆಲ್ಲ ಹೊತ್ತಿದ್ದ ಷಡಕ್ಷರಿ ವೇದಿಕೆಯ ಮೇಲೆ ಬೆಚ್ಚಿಬಿದ್ದ. ಪಾಪ, ಮನುಷ್ಯ ಕೆಟ್ಟವನಲ್ಲ. ಎದ್ದು ಬಂದು ಮೈಕಿಗೇ ಬಾಯಿಟ್ಟ.

"ಅಯ್ಯೋ, ನಾನಲ್ಲ ಸಾರ್! ಹಾಲೇಶ. ಅವನು ಬಡಿಯೋನು, ನಾನು ಮಲಗಿದ್ದಲ್ಲಿಂದ ಚಪ್ಪಲಿ ಎಸಿಯೋನು."

ಸಭೆಯೆಲ್ಲ ಗೊಳ್ಳೆಂದಿತು. ಮೇಷ್ಟ್ರು ಅವನ ಬೆನ್ನು ತಟ್ಟಿದರು. "ನೋಡಿದ್ರಾ? ಇಷ್ಟು ದೊಡ್ಡೋನಾದ್ರೂ ಎಂಥಾ ವಿನಯ!" ಮತ್ತೆ ಚಪ್ಪಾಳೆ, ಮೊದಲಿಗಿಂತ ಜೋರಾಗಿ.

ಊಟವಾದ ಮೇಲೆ ಹಾಲೇಶ ಮಗಳೊಂದಿಗೆ ಹೋಗಿ ಮೇಷ್ಟ್ರ ಕಾಲು ಮುಟ್ಟಿದ. ಹೆಸರು ಹೇಳಿದ. ಎಲ್ಲಿದ್ದೀಯಪ್ಪಾ ಈಗ ಅಂದರು. ಅಟೆಂಡರ್ ಸಾರ್, ಟೆಂಪರರಿ ಅಂದ. ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡಿದರು, ಮರುಕದಿಂದ ಅವನ ಕೆನ್ನೆ ಸವರಿದರು.

"ಹಾಲೇಶಾ... ಮುಸುಕೆಳೆದು ಮಲಗಿರ್ತಿದ್ದೋನು ನೀನೇ ಅಲ್ವೇನೋ? ಒಂದಿಷ್ಟು ಬೇಗ ಏಳ್ಬಾರ್ದಿತ್ತೇ ಮಗಾ?"

ಹಾಲೇಶನಿಗೆ ಆ ಬೆಲ್ಲದ ಕಾಫಿ ನೆನಪಿಲ್ವಾ ಸಾರ್ ಅಂತ ಕೇಳಬೇಕೆನಿಸಿತು. ಆದರೆ ಆ ಮುದಿ ಕೈ ಇನ್ನೂ ಕೆನ್ನೆಯ ಮೇಲೇ ಇತ್ತು. "ತಪ್ಪಾಯ್ತು ಸಾರ್" ಅಂದ.

ಸಂಜೆಯ ಬಸ್ಸಿನಲ್ಲಿ ಅಮೂಲ್ಯಾ ತರೀಕೆರೆ ಹಿಂದೆ ಬಿದ್ದ ಮೇಲೆ ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ನಿಜ ಹೇಳು. ನೀನು ಮಲಗಿರ್ತಿದ್ಯಾ?"

"ಯಾಕೇ?"

"ಮೇಷ್ಟ್ರು ಹಂಗಂದಾಗ ನಂಗೆ ಒಂಥರಾ ಸಮಾಧಾನ ಆಯ್ತು ಕಣಪ್ಪಾ. ನೀನು ಎದ್ದು ಓದೀನೂ ಹಿಂಗಾದೆ ಅಂದ್ರೆ ನಾನ್ಯಾವ ಖುಷಿಗೆ ಏಳ್ಲಿ? ಮಲಗಿದ್ದಕ್ಕೇ ಹಿಂಗಾದೆ ಅಂದ್ರೆ... ಇನ್ನೊಂದ್ಸಲ ಎದ್ದು ನೋಡ್ಬೋದು."

ಹಾಲೇಶನಿಗೆ ಹೊಲ ಇಲ್ಲ, ಖಾಯಂ ನೌಕರಿ ಇಲ್ಲ. ತನ್ನದು ಅಂತ ಹೇಳಿಕೊಳ್ಳಲು ಅವನ ಹತ್ತಿರ ಇದ್ದದ್ದು ಆ ಬೆಳಗಿನ ಜಾವ ಒಂದೇ. ಅದನ್ನೂ ಕೊಡು ಅಂತ ಮಗಳು ಕೇಳುತ್ತಿದ್ದಳು. ಅವಳ ಮುಖ ನೋಡಿದ. ಅಟ್ಟಕ್ಕೆ ಹೋದ ಪುಸ್ತಕ ಇಳಿಯುವುದಾದರೆ ಇಳಿಯಲಿ.

"ಹೂಂ ಕಣೇ, ಮಲಗಿರ್ತಿದ್ದೆ," ಅಂದ. "ಬಡೀತಿದ್ದೋನು ಷಡಕ್ಷರಿನೇ. ನಾನೇ ಅವನ ಮೇಲೆ ಚಪ್ಪಲಿ ಎಸೀತಿದ್ದೆ."

ಅಮೂಲ್ಯಾ ಫಕ್ಕನೆ ನಕ್ಕಳು. "ಥೂ ನಿನ್ನ! ಇಷ್ಟು ದಿನ ನಂಗೆ ಬುರುಡೆ ಬಿಟ್ಯಲ್ಲಾ!" ಅಂದು ಮೊಬೈಲ್ ತೆಗೆದಳು. ನಾಲ್ಕು ಗಂಟೆಗೆ ಅಲಾರಂ ಇಡುತ್ತಾ ಕೇಳಿದಳು: "ಯಾವ ಸೌಂಡ್ ಇಡ್ಲಪ್ಪಾ?"

ಹಾಲೇಶ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

"ಜಾಗಟೇದು ಇದ್ಯಾ ನೋಡು."