ದನಿ ಹೊರಡದ ಪ್ರಶ್ನೆ

ಯುಗಾದಿಯಿಂದೀಚೆಗೆ, "ಮದುವೆ ಆಗಿದೆಯಾ?" ಎಂದು ಯಾರು ಯಾರನ್ನು ಕೇಳಹೋದರೂ ಗಂಟಲಿನಿಂದ ದನಿಯೇ ಹೊರಡುತ್ತಿರಲಿಲ್ಲ. ಕಾರಣ ಯಾರಿಗೂ ಗೊತ್ತಿಲ್ಲ. ಮದುವೆ ದಲ್ಲಾಳಿಗಳು ಮಾತ್ರ ಕಸಬು ಬದಲಿಸಿದ್ದರು.

ಯುಗಾದಿಗೆ ಮುಂಚೆ ಅದೇ ಪ್ರಶ್ನೆಗೆ ಹೆದರಿ, ಹಿರಿಯೂರಿನ ಮೆಡಿಕಲ್ ಶಾಪಿನಿಂದ ಮೂರು ಸಲ ಕೆಮ್ಮಿನ ಸಿರಪ್ ಕೊಂಡು ಮರಳಿದ್ದ ಇಪ್ಪತ್ನಾಲ್ಕರ ಭಾರ್ಗವಿ ಇವತ್ತು ಜೋರಾಗಿಯೇ ಹೇಳಿದಳು: "ಗರ್ಭನಿರೋಧಕ ಮಾತ್ರೆ ಕೊಡಿ."

ಅಂಗಡಿಯ ಶಿವಲಿಂಗಪ್ಪ ಬಾಯಿ ತೆರೆದರು. ಗಾಳಿ ಬಂತು. ನೀರು ಕುಡಿದು ಮತ್ತೆ ತೆರೆದರು. ಮತ್ತೂ ಗಾಳಿ. ಕೊನೆಗೆ, ಕೇಳಬೇಕಾದ್ದನ್ನೇ ಕೇಳಿದರು.

"ಬಿಪಿ, ಅರೆತಲೆನೋವು ಏನಾದ್ರೂ ಇದೆಯೇನಮ್ಮಾ?"

"ಇಲ್ಲ ಸರ್."

"ದಿನಾ ಒಂದೇ ಹೊತ್ತಿಗೆ ತಗೋ. ಮರೀಬೇಡ."

ಇಷ್ಟೇನಾ! ಭಾರ್ಗವಿಗೆ ಅಲ್ಲೇ ಕುಣಿಯುವಂತಾಯಿತು. ತಿರುಗಿದರೆ, ಹೈಸ್ಕೂಲಿನಲ್ಲಿ ಬೆತ್ತ ಹಿಡಿದು ಗಣಿತ ಕಲಿಸಿದ್ದ ಸರ್ವಮಂಗಳಾ ಮಿಸ್ ಹಿಂದೆಯೇ ನಿಂತಿದ್ದರು. ಅವರೂ ಭಾರ್ಗವಿಯತ್ತ ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಕೌಂಟರಿನತ್ತ ಬಾಗಿದರು.

"ಅವಳಿಗೆ ಕೊಟ್ರಲ್ಲ, ಅದೇ ನನಗೂ ಒಂದು ಪ್ಯಾಕ್ ಕೊಡಿ. ನನ್ನ ಮಗಳು ತರೋಕೆ ಹೇಳಿದ್ದಾಳೆ."

"ಹೌದಾ ಮಿಸ್! ಹಾಗಾದ್ರೆ ಅವಳಿಗೆ..." ಎಂದು ಭಾರ್ಗವಿ ಖುಷಿಯಲ್ಲಿ ಶುರುಮಾಡಿದಳು.

ಮುಂದೆ ಬಂದದ್ದು ಬರೀ ಗಾಳಿ.