ಮನ್ಮನೆಯ ದ್ಯಾವಮ್ಮ

ಕರೆ ಬಂದ ನಂಬರು ತೋರಿಸುವ ಹೊಸ ಫೋನಿನ ಮೇಲೆ ಕಣ್ಣು ಹಾಯಿಸಿ ವೆಂಕಟ್ರಮಣ ಹೇಳಿದ: “ದ್ಯಾವಮ್ಮಾ, ಮೊದ್ಲು ಟಿವಿ ಸೌಂಡ್ ಪೂರ್ತಿ ಕಮ್ಮಿ ಮಾಡಿ. ಇಲ್ದಿದ್ರೆ ಇಲ್ಲಿ ಕೂಗ್ತದೆ.” ಶಿರಸಿಯ ಆ ಕೇಬಲ್ ಚಾನೆಲ್ಲಿಗೆ ಮಾಲೀಕನೂ ಅವನೇ, ನಿರೂಪಕನೂ ಅವನೇ.

ಎದುರಿಗೆ ಕೂತ ರಾಜಕೀಯ ವಿಶ್ಲೇಷಕ ನಾಗಪತಿ ಹೆಗಡೆ ಶಾಲು ಸರಿಮಾಡಿಕೊಂಡ. ಹಿಂದೆ ಪಕ್ಷದ ತಾಲೂಕು ಅಧ್ಯಕ್ಷ. ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡು ಪಕ್ಷದಿಂದ ಹೊರಬಿದ್ದ ಮೇಲೆ ಅವನಿಗೆ ದೇಶದ ರಾಜಕೀಯವೆಲ್ಲ ಅರ್ಥವಾಗತೊಡಗಿತ್ತು. ಅಧ್ಯಕ್ಷನಾಗಿದ್ದಾಗ ಹಾಡಿ ಹೊಗಳಿದ್ದನ್ನೇ ಈಗ ಪ್ರತಿ ಸಂಜೆ ಹಿಗ್ಗಾಮುಗ್ಗಾ ಬೈಯುತ್ತಿದ್ದ. ದನಿ ಕೇಳಿದರೆ ಸಾಕು, ಯಾವ ಬೂತಿನ ಮತದಾರರೆಂದು ಹೇಳಿಬಿಡುತ್ತೇನೆ ಎಂಬ ಜಂಬ ಬೇರೆ.

ನಾಮಪತ್ರ ಸಲ್ಲಿಸಲು ನಾಳೆಯೇ ಕೊನೆಯ ದಿನ. ಪಕ್ಷೇತರನಾಗಿ ನಿಂತು ಹಳೆಯ ಪಕ್ಷಕ್ಕೆ ಬುದ್ಧಿ ಕಲಿಸುವುದೆಂದು ಹೊರಟಿದ್ದ. ಹೋದ ಸಲ ಹೆಂಡತಿಯ ಬಂಗಾರ ಹೋಗಿತ್ತು. ಈ ಸಲ ಇದ್ದೊಂದು ತೋಟ ಮಾರಲು ಮಾತಾಗಿತ್ತು.

“ಹೆಗಡೇರೇ, ನಾನು ಮನ್ಮನೆ ದ್ಯಾವಮ್ಮ.” ಗರಗರ ಸದ್ದಿನ ನಡುವೆ ದಿನವೂ ಬರುವ ದನಿ. ಇವತ್ತು ಅಳುತ್ತಿತ್ತು. “ಎಲೆಕ್ಷನ್ನಿಗೆ ನಿಲ್ಬೇಡಿ. ನೀವೂ ಆ ಕಳ್ಳರ ಸಾಲಿಗೆ ಸೇರಿದ್ರೆ ನಮ್ಗೆ ಸತ್ಯ ಹೇಳೋರು ಯಾರು?”

ಹೆಗಡೆಯ ಎದೆ ಉಬ್ಬಿತು. ಜಾಹೀರಾತು ಬಂದಾಗ ವೆಂಕಟ್ರಮಣ ಗೊಣಗಿದ: “ಮನ್ಮನೆ ಊರಿಗೆ ನಮ್ಮ ಕೇಬಲ್ ವಯರೇ ಹೋಗಿಲ್ಲ.”

“ನನ್ನ ನೋಡೂಕೆ ಅಂತ್ಲೇ ಇಲ್ಲಿ ನೆಂಟರ ಮನೇಲಿ ಉಳಿದಿರ್ತಾಳೆ ಮಾರಾಯ!”

ಜಾಹೀರಾತು ಮುಗಿಯಿತು. ಹೆಗಡೆ ಕ್ಯಾಮೆರಾ ನೋಡಿ, ಎದೆ ಮುಟ್ಟಿಕೊಂಡು, ಜನರ ಕಣ್ಣೀರಿಗಾಗಿ ಕಣದಿಂದ ಹಿಂದೆ ಸರಿದಿದ್ದೇನೆಂದು ಊರೆದುರು ಆಣೆ ಮಾಡಿದ.

ಮನೆಗೆ ಬಂದರೆ ಟಿವಿಯಲ್ಲಿ ಚಿತ್ರ ಓಡುತ್ತಿತ್ತು, ಸದ್ದಿಲ್ಲ. ದಿನವೂ ಇದೇ ಹಾಡು. ಊರೇ ಕಿವಿಗೊಡುವ ಗಂಡನ ಮಾತು ಕಟ್ಟಿಕೊಂಡವಳಿಗೆ ಬೇಡ! ಅವನಿಗೆ ಮೈಯೆಲ್ಲ ಉರಿಯಿತು. ಸೀತಾ ಗಂಟಲು ಕಟ್ಟಿದೆಯೆಂದು ಕಾಳುಮೆಣಸಿನ ಕಷಾಯ ಕುಡಿಯುತ್ತಿದ್ದಳು.

“ಸೌಂಡ್ ಇಟ್ಟು ಕೇಳಿದ್ರೆ ಗೊತ್ತಾಗ್ತಿತ್ತು ನಿಂಗೆ. ಆನು ನಿಲ್ತಿಲ್ಲೆ. ಜನರ ಮಾತು ಮೀರಲೆ ಆಗ್ತಿಲ್ಲೆ.”

“ಒಳ್ಳೇದಾತು,” ಎಂದಳು ಸೀತಾ. “ಕೈಕಾಲು ತೊಳಕಂಡು ಬನ್ನಿ, ಬಡಿಸ್ತೆ.”

ಇಷ್ಟೇ. ತ್ಯಾಗದ ಬೆಲೆ ಗೊತ್ತಿಲ್ಲದವಳ ಹತ್ತಿರ ಎಂತ ಮಾತು? ಆಣೆ ಮಾಡಿದ್ದನ್ನು ಬೆಳಿಗ್ಗೆ ಇನ್ನೊಮ್ಮೆ ತೋರಿಸಲು ಹೇಳಬೇಕೆಂದು, ಎಂದೂ ಇಲ್ಲದವನು ಮನೆಯ ಫೋನಿನಿಂದಲೇ ಸ್ಟುಡಿಯೋಕ್ಕೆ ನಂಬರು ಒತ್ತಿದ.

ಇವನು ಬಾಯಿ ತೆರೆಯುವ ಮೊದಲೇ ವೆಂಕಟ್ರಮಣನ ದನಿ ಕೇಳಿಸಿತು: “ಹೇಳಿ ದ್ಯಾವಮ್ಮಾ, ಟಿವಿ ಸೌಂಡ್ ಕಮ್ಮಿ ಮಾಡಿದ್ರಾ?”